ಮೈಸೂರಿನ ವಿದ್ಯಾರ್ಥಿಯ ಹಗಲಿರುಳು

ಮೈಸೂರಿನಲ್ಲಿ ಓದುವ ಮಕ್ಕಳು ಎಷ್ಟು ಹೊತ್ತಿಗೆ ಏಳಬೇಕೆಂದು ಗುರುಗಳು, ಹಿರಿಯರು, ಮಠಗಳು, ವಿದ್ಯಾರ್ಥಿನಿಲಯಗಳು ಬಲು ಹಿಂದಿನಿಂದ ಗೊತ್ತುಮಾಡುತ್ತ ಬಂದಿವೆ. ಎಷ್ಟು ಹೊತ್ತಿಗೆ ಮಲಗಬೇಕೆಂದು ಗೊತ್ತುಮಾಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಆ ಕೆಲಸವನ್ನು ಕತ್ತಲೆ ಮಾಡುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವಿದ್ಯುತ್ ದೀಪ ಬಂದಮೇಲೆ ಈ ಏರ್ಪಾಡಿನ ಒಂದು ಕೊನೆ ಸಡಿಲವಾಯಿತು. ಏಳುವ ಹೊತ್ತು ಇದ್ದಲ್ಲೇ ಉಳಿಯಿತು, ಮಲಗುವ ಹೊತ್ತು ಮುಂದಕ್ಕೆ ಸರಿಯಿತು. ನಿದ್ದೆಗೂ ದೇಹದ ಲಯಕ್ಕೂ ಕಲಿಕೆಗೂ ಇರುವ ನಂಟನ್ನು ಪ್ರೌಢಶಾಲೆಯ ಮಕ್ಕಳಿಗೆ ಪಾಠವಾಗಿಯೇ ಹೇಳಬೇಕಾದ ಪ್ರಸಂಗ ಒದಗಿದ್ದು ಇದರಿಂದ.

ಇಂಗ್ಲಿಷ್ ಶಾಲೆಗಳಿಗಿಂತ ಮುಂಚೆ ಕನ್ನಡ ನಾಡಿನ ಊರುಗಳಲ್ಲಿ ಇದ್ದದ್ದು ಕೂಲಿಮಠ. ದೇವಸ್ಥಾನದ ಪೌಳಿಯಲ್ಲೋ ಯಾರದೋ ಮನೆಯ ಜಗಲಿಯಲ್ಲೋ ಐಗಳು, ಅಂದರೆ ಉಪಾಧ್ಯಾಯರು, ಕೂತು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಅದರ ದಿನಚರಿಯ ವಿವರವಾದ ದಾಖಲೆಯೊಂದು ಬಳ್ಳಾರಿ ಜಿಲ್ಲೆಯಿಂದ ಬಂದಿದೆ. ಅಲ್ಲಿನ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಮದ್ರಾಸಿಗೆ ಕಳಿಸಿದ ವರದಿಯಲ್ಲಿ 533 ಶಾಲೆಗಳ ಲೆಕ್ಕವಿದೆ. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಶಾಲೆ ಸೇರುವ ಹೊತ್ತು ಬೆಳಗಿನ ಆರು ಗಂಟೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಸೊನ್ನೆ: ಅವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಒಂದು ಶಾಲೆಗೆ ಸರಾಸರಿ ಹನ್ನೆರಡು ಹುಡುಗರು ಇದ್ದರೆಂದು ವರದಿ ಹೇಳುತ್ತದೆ. ಅಂದರೆ ಕೊನೆಗೆ ಬಂದವನ ಪಾಲಿಗೆ ಹತ್ತು ಏಟು. ಎಲ್ಲರೂ ಕತ್ತಲಲ್ಲೇ ಎದ್ದು ಓಡಿಬಂದರೂ ಯಾರಾದರೊಬ್ಬ ಕೊನೆಯವನಾಗಲೇಬೇಕು ಎಂಬುದು ಈ ಪದ್ಧತಿಯ ಜಾಣತನವೂ ಹೌದು, ಕ್ರೌರ್ಯವೂ ಹೌದು.

ಸಂಜೆ ಮನೆಯಲ್ಲಿ ದೇವರ ದೀಪ ಹಚ್ಚಿದ ಮೇಲೆ ಬಾಯಿಪಾಠ: ಮಗ್ಗಿ, ತಿಥಿ ವಾರ ನಕ್ಷತ್ರಗಳ ಹೆಸರು, ಶ್ಲೋಕ. ಹರಳೆಣ್ಣೆ, ಹೊಂಗೆ ಎಣ್ಣೆಯ ದೀಪದಲ್ಲಿ ಓಲೆಗರಿಯನ್ನೋ ಕಡತವನ್ನೋ ಓದುವುದು ಕಷ್ಟ, ಎಣ್ಣೆಗೂ ದುಡ್ಡು. ಆದ್ದರಿಂದ ರಾತ್ರಿಯ ಕಲಿಕೆ ಕಣ್ಣಿನದಾಗಿರದೆ ಬಾಯಿಯದೂ ಕಿವಿಯದೂ ಆಗಿತ್ತು. ಅದು ಊಟಕ್ಕೆ ಮುಂಚೆಯೇ ಮುಗಿಯುತ್ತಿತ್ತು.

ಹೊತ್ತನ್ನು ಅಳೆಯುತ್ತಿದ್ದುದು ಜಾವ, ಗಳಿಗೆಗಳಲ್ಲಿ. ಹಗಲಿರುಳು ಸೇರಿ ಎಂಟು ಜಾವ, ಅರವತ್ತು ಗಳಿಗೆ. ಒಂದು ಗಳಿಗೆಗೆ 24 ನಿಮಿಷ, ಎರಡು ಗಳಿಗೆ ಕೂಡಿದರೆ ಒಂದು ಮುಹೂರ್ತ. ಓದಿಗೆ ಶ್ರೇಷ್ಠವೆಂದು ಇಂದಿಗೂ ಹಿರಿಯರು ಹೇಳುವ ಬ್ರಾಹ್ಮೀ ಮುಹೂರ್ತ ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಮೊದಲು ಮುಗಿಯುತ್ತದೆ. ಇದು ಸೂರ್ಯನಿಗೆ ಕಟ್ಟಿದ ಲೆಕ್ಕ. ಮೈಸೂರಿನಲ್ಲಿ ಜೂನ್ ಮೊದಲ ವಾರ ಸುಮಾರು 5 ಗಂಟೆ 55 ನಿಮಿಷಕ್ಕೆ ಹೊತ್ತು ಹುಟ್ಟಿದರೆ ಜನವರಿ ಕೊನೆಯಲ್ಲಿ 6 ಗಂಟೆ 45 ನಿಮಿಷ ದಾಟಿರುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಬ್ರಾಹ್ಮೀ ಮುಹೂರ್ತವೂ ಸುಮಾರು ಮುಕ್ಕಾಲು ಗಂಟೆ ತಡವಾಗಿ ಬರುತ್ತದೆ. ವರ್ಷವಿಡೀ ನಾಲ್ಕೂವರೆಗೆ ಅಲಾರಂ ಇಡುವ ಮನೆಗಳು ಹಳೆಯ ನಿಯಮವನ್ನು ಪಾಲಿಸುತ್ತಿದ್ದೇವೆ ಎಂದುಕೊಂಡರೂ ನಿಜಕ್ಕೂ ಪಾಲಿಸುತ್ತಿರುವುದು ಗಡಿಯಾರವನ್ನು.

ಹಳೆಯ ದಿನಚರಿಗಳ ಬಹು ಮುಖ್ಯ ಆಧಾರವೊಂದು ಹೊರಬಿದ್ದದ್ದು ಮೈಸೂರಿನಲ್ಲೇ. 1891ರಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿಗೆ ಬಂದಿದ್ದ ತಾಳೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಅದರ ಮೂಲ ಅಚ್ಚಾಯಿತು. ಅದರಲ್ಲಿ ರಾಜನ ರಾತ್ರಿಯನ್ನು ಎಂಟು ಭಾಗ ಮಾಡಿದೆ. ಮೂರನೆಯ ಭಾಗದಲ್ಲಿ ವಾದ್ಯಘೋಷದೊಡನೆ ಮಲಗಬೇಕು, ನಾಲ್ಕು ಮತ್ತು ಐದನೆಯ ಭಾಗ ನಿದ್ದೆ, ಆರನೆಯದರಲ್ಲಿ ವಾದ್ಯದ ಸದ್ದಿಗೆ ಎಚ್ಚರ. ಒಂದು ಭಾಗಕ್ಕೆ ಒಂದೂವರೆ ಗಂಟೆಯಂತೆ ಹಿಡಿದರೆ ನಾಲ್ಕೂವರೆ ಗಂಟೆಗಿಂತ ಹೆಚ್ಚು ನಿದ್ದೆ ದಕ್ಕುವುದಿಲ್ಲ. ಓದುವ ವಯಸ್ಸಿನ ರಾಜಕುಮಾರನಿಗೆ ಹಗಲಿನ ಮೊದಲ ಭಾಗ ಆನೆ, ಕುದುರೆ, ರಥ, ಆಯುಧಗಳ ಅಭ್ಯಾಸ; ಮಧ್ಯಾಹ್ನದ ಮೇಲೆ ಇತಿಹಾಸ ಕೇಳುವುದು; ಉಳಿದ ಹಗಲಿರುಳಿನಲ್ಲಿ ಹೊಸ ಪಾಠ ಹಿಡಿಯುವುದು, ಹಿಡಿದದ್ದನ್ನು ಮತ್ತೆ ತಿರುವುವುದು. ಕಲಿತದ್ದನ್ನು ಮತ್ತೆ ತಿರುವಿಹಾಕುವ ಈ ಮಾತು ಕಲಿಕೆಯ ಚರಿತ್ರೆಯಲ್ಲಿ ಲೆಕ್ಕಕ್ಕೆ ಬರಬೇಕಾದದ್ದು. ಅರಸನಿಗೆ ಹೇಳಿದ ನಿದ್ದೆಯ ಅಳತೆಯನ್ನು ಮಾತ್ರ ಹದಿನೈದರ ಹುಡುಗನಿಗೆ ಹಚ್ಚುವಂತಿಲ್ಲ.

ವೈದ್ಯಶಾಸ್ತ್ರದ ದನಿ ಬೇರೆಯಾಗಿತ್ತು. ಚರಕಸಂಹಿತೆ ದೇಹವನ್ನು ಎತ್ತಿಹಿಡಿಯುವ ಮೂರು ಉಪಸ್ತಂಭಗಳಲ್ಲಿ ಆಹಾರದ ಜೊತೆಗೆ ನಿದ್ದೆಯನ್ನೂ ಎಣಿಸುತ್ತದೆ. ತಿಳಿವು ಅರಿವುಗಳು ನಿದ್ದೆಯನ್ನು ಅವಲಂಬಿಸಿವೆ ಎನ್ನುತ್ತದೆ. ಹಗಲುನಿದ್ದೆಯನ್ನು ಬೇಸಿಗೆಯಲ್ಲಿ ಒಪ್ಪಿ, ಉಳಿದ ಋತುಗಳಲ್ಲಿ ಬೇಡವೆನ್ನುತ್ತದೆ. ಗ್ರಂಥಾಲಯ, ಸಂಸ್ಕೃತ ಪಾಠಶಾಲೆ, ಆಯುರ್ವೇದ ಕಾಲೇಜುಗಳೆಲ್ಲ ಒಂದೇ ಊರಿನಲ್ಲಿದ್ದರೂ ಈ ಮಾತು ಅಲ್ಲಿನ ಶಾಲೆಗಳ ವೇಳಾಪಟ್ಟಿಯ ತನಕ ನಡೆದುಬರಲಿಲ್ಲ.

1876ರಲ್ಲಿ ಶುರುವಾದ ಮಹಾರಾಜ ಸಂಸ್ಕೃತ ಪಾಠಶಾಲೆಯಂಥ ಕಡೆ ಉಳಿದುಬಂದದ್ದು ಇನ್ನೊಂದು ಲಯ, ಚಂದ್ರನದು. ವೇದಾಧ್ಯಯನದಲ್ಲಿ ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಾಯದ ದಿನಗಳು. ಆ ದಿನ ಹೊಸ ಪಾಠವಿಲ್ಲ. ನವರಾತ್ರಿಯಲ್ಲಿ ಪುಸ್ತಕಗಳನ್ನೇ ಸರಸ್ವತಿಯೆಂದು ಪೂಜೆಗಿಟ್ಟು, ವಿಜಯದಶಮಿಯವರೆಗೆ ಮುಟ್ಟದಿರುವುದೂ ಇದೇ ಬಗೆಯ ಬಿಡುವು. ಬಿಡುವು ಕೂಡ ಅಧ್ಯಯನದ ಕ್ರಮಕ್ಕೆ ಸೇರಿದ್ದು ಎಂಬ ತಿಳಿವಳಿಕೆ ಅಲ್ಲಿತ್ತು. ಈ ಪದ್ಧತಿಯ ಒಂದು ತುಣುಕು ವಿಚಿತ್ರ ರೀತಿಯಲ್ಲಿ ಲೋಕವನ್ನೆಲ್ಲ ಸುತ್ತಿದೆ. ಈ ಪಾಠಶಾಲೆಯೇ ಬೆಳೆದು ಆದ ಸಂಸ್ಕೃತ ಕಾಲೇಜಿನಲ್ಲಿ ಓದಿ, ಅಲ್ಲೇ 1937ರಿಂದ 1973ರವರೆಗೆ ಯೋಗ ಕಲಿಸಿದ ಕೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗವನ್ನು ನ್ಯೂಯಾರ್ಕಿನಲ್ಲೋ ಟೋಕಿಯೋದಲ್ಲೋ ಅಭ್ಯಾಸ ಮಾಡುವವರು ಇಂದಿಗೂ ಹುಣ್ಣಿಮೆ ಅಮಾವಾಸ್ಯೆಗಳಂದು ರಜೆ ಹಿಡಿಯುತ್ತಾರೆ. ಅದಕ್ಕೆ ಮೂಲ ಸಂಸ್ಕೃತ ಕಾಲೇಜಿನ ರಜೆ ಎನ್ನುವುದು ಅವರ ಶಿಷ್ಯರಲ್ಲಿ ಕೆಲವರು ಕೊಡುವ ವಿವರಣೆ. ಗೋಕುಲಂ ಬಡಾವಣೆಯ ಜೋಯಿಸರ ಯೋಗಶಾಲೆಯ ಗಡಿಯಾರ ಬೇಕೆಂದೇ ಕಾಲು ಗಂಟೆ ಮುಂದೆ ಓಡುತ್ತಿದ್ದುದು ಅಲ್ಲಿಗೆ ಬರುವ ವಿದೇಶಿಯರಿಗೆಲ್ಲ ಗೊತ್ತಿರುವ ಸಂಗತಿ. ಬೇಗ ಏಳುವುದರಲ್ಲಿ ಮೈಸೂರಿಗೆ ಸ್ಪರ್ಧೆ ಇಲ್ಲ.

ಶಾಲೆಯ ಹೊತ್ತು ಸೂರ್ಯನಿಂದ ಗಂಟೆಗೆ ದಾಟಿದ್ದು ಇಂಗ್ಲಿಷ್ ವಿದ್ಯಾಭ್ಯಾಸದ ಜೊತೆಗೆ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಉಚಿತ ಇಂಗ್ಲಿಷ್ ಶಾಲೆಯೇ ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು. ವೆಸ್ಲಿಯನ್ ಮಿಷನ್ ಶಾಲೆ, 1876ರ ಮರಿಮಲ್ಲಪ್ಪ ಶಾಲೆ, 1881ರ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಒಂದೊಂದಾಗಿ ಬಂದವು. ಸರ್ಕಾರಿ ಕಚೇರಿಯ ಹತ್ತು ಗಂಟೆ ನಿಧಾನವಾಗಿ ಶಾಲೆಯ ಗಂಟೆಯೂ ಆಯಿತು. ಕೂಲಿಮಠದ ಆರು ಗಂಟೆಗೆ ಹೋಲಿಸಿದರೆ ಇದು ನಾಲ್ಕು ಗಂಟೆಗಳ ವಿನಾಯಿತಿ. ಹದಿಹರೆಯದವರ ದೇಹಕ್ಕೆ ಒಪ್ಪುವ ಹೊತ್ತು ಇದೇ ಎಂದು ವಿಜ್ಞಾನ ನೂರು ವರ್ಷದ ಮೇಲೆ ಹೇಳಲಿತ್ತು. ಅಂದು ಅದನ್ನು ಗೊತ್ತುಮಾಡಿದವರ ಮನಸ್ಸಿನಲ್ಲಿ ಗುಮಾಸ್ತರ ಹಾಜರಿ ಪುಸ್ತಕದ ಹೊರತು ಬೇರೇನೂ ಇದ್ದಿರಲಾರದು. ದೇವರಾಜ ಮಾರುಕಟ್ಟೆಯ ಬಳಿ 1886ರ ಡಫರಿನ್ ಗಡಿಯಾರ, ಜನರ ಬಾಯಲ್ಲಿ ಚಿಕ್ಕಗಡಿಯಾರ, ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ, ಅರಮನೆಯ ನೌಕರರ ವಂತಿಗೆಯಿಂದ, ಕನ್ನಡ ಅಂಕಿಗಳ ದೊಡ್ಡಗಡಿಯಾರ ಎದ್ದಿತು.

ಈ ಎರಡು ಗಡಿಯಾರಗಳ ನಡುವೆ ಹೊತ್ತೇ ಬದಲಾಗಿತ್ತು. 1906ರ ಜನವರಿ 1ರಿಂದ ಭಾರತೀಯ ಕಾಲಮಾನ ಜಾರಿಗೆ ಬಂತು. ಅದು 82.5 ಡಿಗ್ರಿ ರೇಖಾಂಶದ ಲೆಕ್ಕ. ಮೈಸೂರು ಇರುವುದು ಸುಮಾರು 76.65 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಊರಿನ ಸೂರ್ಯ ಗಡಿಯಾರಕ್ಕಿಂತ 23 ನಿಮಿಷ ಹಿಂದೆ. ನೆತ್ತಿಯ ಮೇಲೆ ಸೂರ್ಯ ಬರುವುದು ಸರಾಸರಿ 12 ಗಂಟೆ 23 ನಿಮಿಷಕ್ಕೆ. ಐದಕ್ಕೆ ಏಳುವ ಹುಡುಗಿ ಸೂರ್ಯನ ಲೆಕ್ಕದಲ್ಲಿ ನಾಲ್ಕೂವರೆ ದಾಟಿದ ಸ್ವಲ್ಪದರಲ್ಲೇ ಎದ್ದಿರುತ್ತಾಳೆ. ಬೆಳಕಿಗೆ ಹೊಂದಿಕೊಳ್ಳುವ ದೇಹಕ್ಕೆ ಈ ವ್ಯತ್ಯಾಸ ಚಿಕ್ಕದಾದರೂ ದಿನದಿನದ್ದು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ. ಮನೆಗಳಿಗಿಂತ ಮೊದಲು ಬೀದಿಗೆ ದೀಪ ಬಂತು. ವಾರಾನ್ನ ಮಾಡಿಕೊಂಡು, ಅಂದರೆ ದಿನಕ್ಕೊಂದು ಮನೆಯಲ್ಲಿ ಉಂಡು, ಯಾರದೋ ನಡುಮನೆಯ ಮೂಲೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದ ಹಳ್ಳಿಯ ಬಡ ಹುಡುಗರಿಗೆ ಸೀಮೆಎಣ್ಣೆಯ ಖರ್ಚಿಲ್ಲದ ಬೆಳಕು ಸಿಕ್ಕಿತು. ಬೀದಿದೀಪದ ಕೆಳಗೆ ಓದಿ ದೊಡ್ಡವರಾದವರ ಕಥೆಗಳು ಹುಟ್ಟಿದ್ದು ಇಂಥ ಬೆಳಕಿನಲ್ಲಿ. ಕಥೆಗಳು ಹುಡುಗನ ಛಲವನ್ನು ಹೇಳಿದವು, ಮರುದಿನದ ತೂಕಡಿಕೆಯನ್ನು ಹೇಳಲಿಲ್ಲ. ಅಲ್ಲಿಂದ ಮುಂದೆ ನಿದ್ದೆಗೆಡುವುದು ಓದುವ ಹುಡುಗನ ಲಕ್ಷಣವಾಗಿಬಿಟ್ಟಿತು. ಮಠಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ, 1953ರಲ್ಲಿ ಶುರುವಾದ ರಾಮಕೃಷ್ಣ ವಿದ್ಯಾಶಾಲೆಯಂಥ ವಸತಿಶಾಲೆಗಳಲ್ಲಿ ಮಾತ್ರ ಏಳುವುದಕ್ಕೆ ಇದ್ದಂತೆ ದೀಪ ಆರಿಸುವುದಕ್ಕೂ ಹೊತ್ತು ಗೊತ್ತಿರುತ್ತಿತ್ತು. ಮನೆಯಿಂದ ಬರುವ ಮಕ್ಕಳಿಗೆ ಅಂಥ ಎರಡನೆಯ ಗಂಟೆ ಇರಲಿಲ್ಲ.

ಕಲಿಕೆಯನ್ನು ಪ್ರಯೋಗದಿಂದ ಅಳೆಯುವ ಕೆಲಸ ಮೈಸೂರಿಗೆ ಬೇಗನೆ ಬಂತು. ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಯೋಗಾಲಯ ಕಟ್ಟಿದರು. ಕಲ್ಕತ್ತದ ನಂತರ ದೇಶದಲ್ಲಿ ಅದೇ ಎರಡನೆಯದು. ಅದೇ 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬ್ಯಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಉರುಹೊಡೆಸಿ ಮಾಡಿದ ಪ್ರಯೋಗ ಪ್ರಕಟವಾಯಿತು. ಉರುಹೊಡೆದ ಮೇಲೆ ಮಲಗಿದರೆ ನೆನಪು ಹೆಚ್ಚು ಉಳಿಯುತ್ತದೆ, ಅಷ್ಟೇ ಹೊತ್ತು ಎಚ್ಚರವಿದ್ದರೆ ಬಹಳಷ್ಟು ಅಳಿಸಿಹೋಗುತ್ತದೆ ಎಂದು ಅದು ತೋರಿಸಿತು. ಸಂಜೆ ಬಾಯಿಪಾಠ, ಊಟ, ನಿದ್ದೆ, ಬೆಳಗ್ಗೆ ಐಗಳ ಮುಂದೆ ಒಪ್ಪಿಸುವುದು ಎಂಬ ಕೂಲಿಮಠದ ಕ್ರಮ ಈ ಫಲಿತಾಂಶಕ್ಕೆ ಸರಿಯಾಗಿ ಹೊಂದುತ್ತದೆ, ಯಾರೂ ಉದ್ದೇಶಿಸದಿದ್ದರೂ. ಗೋಪಾಲಸ್ವಾಮಿಯವರ ಇನ್ನೊಂದು ಕೆಲಸ ಊರಿನ ಸಂಜೆಯನ್ನೇ ಉದ್ದ ಮಾಡಿತು. 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ವಿಠ್ಠಲ ವಿಹಾರದಿಂದ 30 ವಾಟ್ ಪ್ರಸಾರಯಂತ್ರದಲ್ಲಿ ಅವರು ಆಕಾಶವಾಣಿಯನ್ನು ಆರಂಭಿಸಿದರು. ರಾತ್ರಿಯ ಹಾಡು, ನಾಟಕ, ಆಮೇಲೆ ದೂರದರ್ಶನ, ಈಗ ಹಾಸಿಗೆಯಲ್ಲೇ ಹೊಳೆಯುವ ಮೊಬೈಲ್: ಎಲ್ಲವೂ ಬಂದದ್ದು ರಾತ್ರಿಯ ಕಡೆಯಿಂದಲೇ.

ದೇಹದೊಳಗಿನ ಗಡಿಯಾರದ ವಿಜ್ಞಾನ ಗಿಡಗಳಿಂದ ಶುರುವಾದದ್ದು. ಅಲೆಕ್ಸಾಂಡರನ ದಂಡಯಾತ್ರೆಯ ಕಾಲದ ಆಂಡ್ರೊಸ್ತನೀಸ್ ಬಹ್ರೇನ್ ದ್ವೀಪದಲ್ಲಿ ಹುಣಸೆ ಎಲೆಗಳು ರಾತ್ರಿ ಮಡಿಚಿಕೊಳ್ಳುವುದನ್ನು ಗಮನಿಸಿದ್ದ. 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಮುಟ್ಟಿದರೆ ಮುನಿ ಗಿಡವನ್ನು ಕತ್ತಲೆಯಲ್ಲಿಟ್ಟು, ಬೆಳಕಿಲ್ಲದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚುವುದನ್ನು ಕಂಡ. 1960ರ ದಶಕದಲ್ಲಿ ಜರ್ಮನಿಯ ಯೂರ್ಗನ್ ಆಶಾಫ್ ನೆಲಮಾಳಿಗೆಯ ಕೋಣೆಗಳಲ್ಲಿ ಗಡಿಯಾರ, ಸೂರ್ಯ ಎರಡೂ ಕಾಣದಂತೆ ಜನರನ್ನು ಇರಿಸಿ, ಮನುಷ್ಯನ ಲಯ 24 ಗಂಟೆಗಿಂತ ತುಸು ಉದ್ದವೆಂದು ಕಂಡುಕೊಂಡರು. ಭಾರತದಲ್ಲಿ ಇಂಥ ಕೋಣೆಯನ್ನು ಮದುರೆ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಕಟ್ಟಿಸಿದವರು ಎಂ.ಕೆ. ಚಂದ್ರಶೇಖರನ್, ಮದುರೆಯ ಸುತ್ತಿನ ಗುಹೆಗಳ ಬಾವಲಿಗಳ ಮೇಲೂ ಕೆಲಸ ಮಾಡಿದ ಅವರು ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. 1971ರಲ್ಲಿ ಕೊನೊಪ್ಕ ಮತ್ತು ಬೆಂಜರ್ ಹಣ್ಣುನೊಣ ಡ್ರಾಸೊಫಿಲಾದಲ್ಲಿ ಲಯವನ್ನು ಆಳುವ ಜೀನಿನ ಸುಳಿವು ಹಿಡಿದರು. ಆ ಜೀನು ಕೆಲಸ ಮಾಡುವ ಬಗೆಯನ್ನು ಬಿಡಿಸಿದ ಹಾಲ್, ರಾಸ್‌ಬಾಶ್, ಯಂಗ್ ಅವರಿಗೆ 2017ರ ನೊಬೆಲ್ ಬಂತು. ಅದೇ ಡ್ರಾಸೊಫಿಲಾದ ಹತ್ತಾರು ತಳಿಗಳನ್ನು ಸಾಕುತ್ತ ಬಂದ ಸಂಗ್ರಹ ಕೇಂದ್ರ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದ ಪ್ರಾಣಿಶಾಸ್ತ್ರ ವಿಭಾಗದಲ್ಲಿದೆ.

ಪ್ರೌಢಶಾಲೆಗೆ ನೇರವಾಗಿ ತಾಗುವ ಸಂಶೋಧನೆ ಮೇರಿ ಕಾರ್ಸ್‌ಕಾಡನ್ ಅವರದು. 1976ರಿಂದ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆಸಿದ ಬೇಸಿಗೆ ಶಿಬಿರಗಳಲ್ಲಿ, ಮಕ್ಕಳು ಬೆಳೆದಂತೆ ನಿದ್ದೆಯ ಅಗತ್ಯ ಕಡಿಮೆಯಾಗುವುದಿಲ್ಲ, ಅವಕಾಶ ಕೊಟ್ಟರೆ ಒಂಬತ್ತು ಗಂಟೆಯ ಆಸುಪಾಸು ಮಲಗುತ್ತಾರೆ ಎಂದು ತಿಳಿಯಿತು. ಹದಿಹರೆಯದಲ್ಲಿ ಮೆಲಟೋನಿನ್ ಹಾರ್ಮೋನು ರಾತ್ರಿ ಏರುವುದೇ ತಡವಾಗುತ್ತದೆ ಎಂಬುದು ಅವರ ಮುಂದಿನ ಕೆಲಸಗಳಿಂದ ಸ್ಪಷ್ಟವಾಯಿತು. ಹತ್ತನೇ ತರಗತಿಯ ಹುಡುಗ ಒಂಬತ್ತೂವರೆಗೆ ನಿದ್ದೆ ಬರುತ್ತಿಲ್ಲ ಎಂದರೆ ಅದು ಸೋಮಾರಿತನವಲ್ಲ, ಮೊಂಡುತನವೂ ಅಲ್ಲ; ಅವನ ವಯಸ್ಸು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾವೈದ್ಯರ ಶಿಫಾರಸು. ಹನ್ನೊಂದಕ್ಕೆ ಮಲಗಿ ಐದಕ್ಕೆ ಎದ್ದರೆ ಸಿಕ್ಕುವುದು ಆರು. ಪರೀಕ್ಷೆಯ ಕಾಲದಲ್ಲಿ ಅಮ್ಮ ಫ್ಲಾಸ್ಕಿನಲ್ಲಿ ತುಂಬಿಡುವ ಫಿಲ್ಟರ್ ಕಾಫಿ ಇನ್ನಷ್ಟು ಕಸಿಯುತ್ತದೆ. ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಕೂಡಿಬರುವ ಅಡಿನೋಸಿನ್ ನಿದ್ದೆಯ ಒತ್ತಡ ತರುತ್ತದೆ. ಕೆಫೀನು ಅದರ ಜಾಗದಲ್ಲಿ ಕೂತು ದಾರಿ ಕಟ್ಟುತ್ತದೆ, ಒತ್ತಡವನ್ನು ಇಳಿಸುವುದಿಲ್ಲ. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು.

ಈ ವಿಷಯವನ್ನು ಕಲಿಸಲು ಬೇಕಾದ ಸಾಮಗ್ರಿಯನ್ನು ಊರಿಗೆ ಹೊಸದಾಗಿ ತರಬೇಕಾದ್ದೇನಿಲ್ಲ. 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು, ಈಗಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ತನ್ನದೇ ಪ್ರಾಯೋಗಿಕ ಶಾಲೆಯನ್ನು ಆವರಣದಲ್ಲೇ ಇಟ್ಟುಕೊಂಡು ವಿಜ್ಞಾನ ಶಿಕ್ಷಕರನ್ನು ತಯಾರು ಮಾಡುತ್ತ ಬಂದಿದೆ. ಮೈಸೂರಿನ ಜೆ.ಆರ್. ಲಕ್ಷ್ಮಣರಾವ್ ಅಂಥವರು ‘ಬಾಲವಿಜ್ಞಾನ’ ಮಾಸಪತ್ರಿಕೆಯ ಮೂಲಕ ಶಾಲೆಯ ಮಕ್ಕಳಿಗೆ ಕನ್ನಡದಲ್ಲೇ ವಿಜ್ಞಾನ ಹೇಳುವ ದಾರಿ ಹಾಕಿದ್ದಾರೆ. ರಸ್ತೆಬದಿಯ ಮಳೆಮರ ಸಂಜೆ ಎಲೆ ಮಡಿಚುವ ಹೊತ್ತನ್ನು ಬರೆದಿಡುವುದು, ಮುಟ್ಟಿದರೆ ಮುನಿಯ ಕುಂಡವನ್ನು ಬೀರುವಿನಲ್ಲಿಟ್ಟು ಡಿ ಮೈರಾನನ ಪ್ರಯೋಗವನ್ನು ಮತ್ತೆ ಮಾಡುವುದು, ಎರಡು ಗಂಟೆಗೊಮ್ಮೆ ತಮ್ಮದೇ ಮೈಯ ತಾಪ ಅಳೆಯುವುದು, ಎರಡು ವಾರ ಮಲಗಿದ ಎದ್ದ ಹೊತ್ತಿನ ಡೈರಿ ಇಡುವುದು ಎಂಟನೇ ತರಗತಿಯವರೂ ಮಾಡಬಲ್ಲವು. ಡೈರಿಯಲ್ಲಿ ಮೊದಲು ಎದ್ದು ಕಾಣುವುದು ಭಾನುವಾರ. ವಾರದ ಸಾಲವನ್ನೆಲ್ಲ ಅಂದು ತೀರಿಸಲು ಒಂಬತ್ತರವರೆಗೆ ಮಲಗಿದವರಿಗೆ ಆ ರಾತ್ರಿ ನಿದ್ದೆ ಇನ್ನೂ ತಡ, ಸೋಮವಾರ ಬೆಳಗು ಇನ್ನೂ ಭಾರ.

ಸರ್ಕಾರಿ ಪ್ರೌಢಶಾಲೆಗಳು ಈಗಲೂ ಹೆಚ್ಚುಕಡಿಮೆ ಹತ್ತರ ಹಳೆಯ ಗಂಟೆಯನ್ನು ಉಳಿಸಿಕೊಂಡಿವೆ. ಶನಿವಾರ ಮಾತ್ರ ಬೆಳಗಿನ ತರಗತಿ. ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನು ಮಾಡಿ, 2022ರ ಜುಲೈಯಿಂದ ಹೈಸ್ಕೂಲುಗಳು ಎಂಟೂವರೆಗೆ ಮುಂಚೆ ತೆರೆಯಬಾರದೆಂದು ವಿಧಿಸಬೇಕಾಯಿತು. ಮೈಸೂರಿನ ಸರ್ಕಾರಿ ಶಾಲೆಯ ಮಕ್ಕಳಿಗೆ ಅದಕ್ಕಿಂತ ಹೆಚ್ಚಿನದು ಕಾನೂನಿಲ್ಲದೆ ಸಿಕ್ಕಿದೆ, ಆದರೆ ಎಸ್ಸೆಸ್ಸೆಲ್ಸಿಯ ವಿಶೇಷ ತರಗತಿ, ಬೆಳಗಿನ ಟ್ಯೂಷನ್ ಅದನ್ನು ತಿಂದುಹಾಕುತ್ತವೆ. ಖಾಸಗಿ ಶಾಲೆಗಳ ವ್ಯಾನು ಏಳು ಗಂಟೆಗೇ ಮನೆಯ ಮುಂದೆ ಹಾರ್ನ್ ಹೊಡೆಯುತ್ತದೆ. 2023ರಲ್ಲಿ ಹೈಕೋರ್ಟಿನ ಸಲಹೆಯ ಮೇರೆಗೆ ಶಿಕ್ಷಣ ಇಲಾಖೆ ಬೆಂಗಳೂರಿನ ಶಾಲೆಗಳ ವೇಳೆ ಬದಲಿಸುವ ಬಗ್ಗೆ ಸಭೆ ಕರೆದಾಗ ಮುಂದಿದ್ದ ಪ್ರಶ್ನೆ ವಾಹನ ದಟ್ಟಣೆಯದು, ಆಲೋಚನೆ ಶಾಲೆಯನ್ನು ಇನ್ನೂ ಬೇಗ ತೆರೆಯುವುದು. ಮಕ್ಕಳ ನಿದ್ದೆಯ ಮಾತು ಬಂದದ್ದು ವಿರೋಧಿಸಿದ ತಂದೆತಾಯಿಗಳಿಂದ ಮತ್ತು ಶಾಲೆಗಳಿಂದ. ವೇಳೆ ಇದ್ದಂತೆಯೇ ಉಳಿಯಿತು.